ಕಾಗದದಲ್ಲಿಲ್ಲದ ಪ್ರಾರ್ಥನೆ

ಫಾದರ್ ತಾವಾಗಿಯೇ ಗಿರಣಿಗೆ ಬಂದರೆಂದರೆ ನನ್ನಿಂದ ಏನೋ ಆಗಬೇಕಿದೆ, ಇಲ್ಲವೇ ಏನೋ ಆಗಬಾರದಿದೆ ಎಂದೇ ಅರ್ಥ. ಶನಿವಾರ ಮಧ್ಯಾಹ್ನ ಬಂದರು. ಬಿಳಿ ನಿಲುವಂಗಿಗೆ ಹಿಟ್ಟು ಮೆತ್ತಿದರೆ ಕಾಣುವುದಿಲ್ಲವೆಂಬ ಧೈರ್ಯವೋ ಏನೋ, ನೇರ ಒಳಗೇ ಬಂದು ಗೋಧಿ ಸುರಿಯುವ ಕಡೆ ನಿಂತರು. ನಾನು ಯಂತ್ರ ನಿಲ್ಲಿಸಲಿಲ್ಲ. ಗಿರಾಕಿ ಕಾಯುತ್ತಿದ್ದಳು.

"ನಾಳೆ ಪೂಜೇಲಿ ಓದೋದು ನೀನೇ ತಾನೇ?" ಎಂದು ಕೂಗಿದರು.

"ಮೈಕ್ ಕೆಟ್ಟಾಗಿಂದ ನಾನೇ ಅಲ್ವಾ ಫಾದರ್? ಬೇರೆಯವರು ಓದಿದ್ರೆ ಮೂರನೇ ಬೆಂಚಿಗೂ ಕೇಳಲ್ಲ."

ಓದಿದ್ದು ಹಳ್ಳಿ ಶಾಲೆಯಲ್ಲಿ, ಅದೂ ಅರ್ಧಕ್ಕೆ ನಿಂತಿತು. ಆದರೆ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಂಟಲು ಮಾತ್ರ ಪಳಗಿದೆ. ಚರ್ಚಿಗೆ ಬೇಕಾಗಿದ್ದುದೂ ಅದೇ.

ಫಾದರ್ ಮಡಿಸಿದ ಕಾಗದ ಕೊಟ್ಟರು. ವಿಶ್ವಾಸಿಗಳ ಪ್ರಾರ್ಥನೆ. ಧರ್ಮಸಭೆಗಾಗಿ, ನಾಡನ್ನು ಆಳುವವರಿಗಾಗಿ, ರೋಗಿಗಳಿಗಾಗಿ, ಕೊನೆಗೆ ಮೃತರಿಗಾಗಿ. ನಾನು ಒಂದೊಂದೇ ಓದಿ "ಪ್ರಭುವನ್ನು ಪ್ರಾರ್ಥಿಸೋಣ" ಎನ್ನಬೇಕು. ಜನರೆಲ್ಲ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎನ್ನಬೇಕು. ಪ್ರತಿ ಭಾನುವಾರದ ಕ್ರಮ.

"ನಾಳೆ ನಿನ್ನ ತಂಗಿ ಗಂಡನ ವರ್ಷದ ಪೂಜೆ. ಹೆಸರು ಹಾಕಿದೀನಿ, ಓದು. ಎಲ್ಲಿ ಸತ್ತ, ಹೇಗೆ ಸತ್ತ ಅನ್ನೋದೆಲ್ಲ ಬೇಡ. ಸಾಹುಕಾರ್ರೂ ಬರ್ತಿದಾರೆ. ಎಲೆಕ್ಷನ್ ಹತ್ರ ಬಂತು. ಚರ್ಚಲ್ಲಿ ರಾಜಕೀಯ ಬೇಡಮ್ಮ."

ನನಗೆ ಸಿಟ್ಟು ನೆತ್ತಿಗೇರಿತು. ಯಂತ್ರ ನಿಲ್ಲಿಸಿದೆ.

"ವರ್ಷವಿಡೀ ಆ ಸಾಹುಕಾರನ ಮುಖ ಕಂಡ ಬೆಂಚಿಲ್ಲ. ನಾಳೆ ಯಾಕೆ ಬರ್ತಿದಾನೆ?"

"ಅವರೂ ಜ್ಞಾನಸ್ನಾನ ಆದವರೇ ತಾನೇ."

"ಹಾಗಾದ್ರೆ ವೋಟಿಗೆ ನಿಂತೋನು ಮುಂದಿನ ಬೆಂಚಲ್ಲಿ ಕೂತ್ರೆ ಭಕ್ತಿ. ಸತ್ತೋನ ಬಗ್ಗೆ ನಾನು ಬಾಯಿ ಬಿಟ್ರೆ ರಾಜಕೀಯ."

ಗಿರಾಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಫಾದರ್ ನಗಲಿಲ್ಲ. "ನಮ್ಮವರಲ್ಲಿ ಅರ್ಧಕ್ಕರ್ಧ ಜನ ಅವರ ಕಾರ್ಖಾನೆ ನಂಬ್ಕೊಂಡಿದಾರೆ. ನೀನು ಕೂಗಿಬಿಟ್ಟು ಗಿರಣಿಗೆ ಬರ್ತೀಯ. ಒಲೆ ಆರೋದು ಅವರ ಮನೇಲಿ" ಎಂದರು. ಆ ಮಾತು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಸಾಹುಕಾರನದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಪಾಳಿ ಮುಗಿಯುವ ಮೊದಲು ಯಾರೂ ನುಣುಚಿಕೊಳ್ಳದಿರಲಿ ಎಂದು ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸುತ್ತಿದ್ದ. ಹೋದ ವರ್ಷ ಬೆಂಕಿ ಬಿದ್ದಾಗ ತಂಗಿಯ ಗಂಡ ಆ ಬಾಗಿಲ ಒಳಗಡೆ ಹೊಗೆಯಲ್ಲಿ ಉಸಿರುಕಟ್ಟಿ ಸತ್ತ. ಬೀಗದ ವಿಷಯ ಅಲ್ಲಿ ದುಡಿಯುವ ಎಲ್ಲರಿಗೂ ಗೊತ್ತು. ವಿಚಾರಣೆಗೆ ಬಂದವರಿಗೆ ಸಾಹುಕಾರ ಹೇಳಿದ್ದೇ ಬೇರೆ: "ಕುಡಿದು ಮಲಗಿದ್ದ, ಎಚ್ಚರವಾಗಲಿಲ್ಲ." ಅಷ್ಟಕ್ಕೇ ಕಡತ ಮುಚ್ಚಿದರು. ಜನರೂ ಒಪ್ಪಿಕೊಂಡರು, ಒಪ್ಪಿಕೊಂಡರೆ ಕೆಲಸ ಉಳಿಯುತ್ತಿತ್ತು.

ಸಂಜೆ ತಂಗಿಯ ಮನೆಗೆ ಹೋಗಿ ಕಾಗದ ತೋರಿಸಿದೆ. ಅವಳು ಇಸ್ತ್ರಿ ಮಾಡುತ್ತಿದ್ದಳು. ಈಗ ಅದೇ ಅವಳ ಬದುಕು, ಬೇರೆಯವರ ಅಂಗಿಗಳು.

"ಹೆಸರು ಮಾತ್ರಾನಾ?" ಎಂದಳು.

"ಹೆಸರು ಮಾತ್ರ."

"ಹಾಗಾದ್ರೆ ಓದ್ಲೇ ಬೇಡ ಅಕ್ಕ. ಬರೀ ಹೆಸರು ಕೇಳಿದ್ರೆ ಎಲ್ರಿಗೂ ನೆನಪಾಗೋದು ಕುಡುಕ ಅಂತಾನೇ. ನಲ್ಲಿ ಹತ್ರ ಹೆಂಗಸ್ರು ನನ್ನ ಕರೆಯೋದು ಹೇಗೆ ಗೊತ್ತಾ? ಕುಡುಕನ ಹೆಂಡ್ತಿ. ಅವತ್ತು ಬೆಳಿಗ್ಗೆ ಪೂಜೇಲಿ ಪರಮಪ್ರಸಾದ ತಗೊಂಡು ಕೆಲಸಕ್ಕೆ ಹೋದೋನು ಅವನು."

"ನಿಂಗೇನು ಬೇಕು ಹೇಳೇ."

"ಕುಡಿದಿರ್ಲಿಲ್ಲ ಅಂತ ಆಗ್ಬೇಕು. ನಾಲ್ಕು ಜನರ ಮುಂದೆ. ಅಷ್ಟೇ."

ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೆ ಒತ್ತಿಹಿಡಿದೇ ನನ್ನ ಮುಖ ನೋಡಿದಳು. ಬಟ್ಟೆ ಸುಟ್ಟ ವಾಸನೆ ಬಂದಾಗ ನಾನೇ ಅವಳ ಕೈ ಎತ್ತಿಸಿದೆ.

ಭಾನುವಾರ ಸಾಹುಕಾರ ಮುಂದಿನ ಬೆಂಚಿನಲ್ಲಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೋಡಿಸಿದ ಕೈ. ಅವನ ಕಡೆಯ ಹುಡುಗನೊಬ್ಬ ಫೋನ್ ಹಿಡಿದು ವಿಡಿಯೋ ತೆಗೆಯುತ್ತಿದ್ದ. ತಂಗಿ ಎಂದಿನಂತೆ ಕೊನೆಯ ಬೆಂಚಿನಲ್ಲಿ.

ನಾನು ಎದ್ದು ಹೋಗಿ ಓದಿದೆ. ಧರ್ಮಸಭೆ, ಆಳುವವರು, ರೋಗಿಗಳು. ಒಂದೊಂದಕ್ಕೂ ಜನ ಉತ್ತರ ಕೊಟ್ಟರು. ಎಲ್ಲರಿಗಿಂತ ಗಟ್ಟಿಯಾಗಿ ಸಾಹುಕಾರ ಕೊಟ್ಟ, ವಿಡಿಯೋದಲ್ಲಿ ಕೇಳಬೇಕಲ್ಲ. ತಂಗಿಯ ಗಂಡನ ಹೆಸರು ಓದಿದೆ. ಕಾಗದ ಮುಗಿಯಿತು. ಫಾದರ್ ಸಮಾಪ್ತಿಯ ಪ್ರಾರ್ಥನೆಗೆ ಕೈ ಎತ್ತುವ ಮೊದಲೇ ಅದೇ ಧಾಟಿಯಲ್ಲಿ ಮುಂದುವರಿಸಿದೆ:

"ಕುಡಿಯದೆ, ದುಡಿಯುತ್ತಲೇ ಇದ್ದಾಗ, ಹೊರಗಿನಿಂದ ಬೀಗ ಹಾಕಿದ ಬಾಗಿಲ ಹಿಂದೆ ಸತ್ತ ಈ ಮನುಷ್ಯನಿಗೆ ನ್ಯಾಯ ಸಿಗಲಿ. ಬೀಗ ಹಾಕಿಸಿ ಸುಳ್ಳು ಹೇಳಿದವರು ಆ ಸುಳ್ಳನ್ನು ಎಲ್ಲರೆದುರು ಒಪ್ಪಿಕೊಳ್ಳಲಿ ಎಂದು ಪ್ರಭುವನ್ನು ಪ್ರಾರ್ಥಿಸೋಣ."

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ!"

ಇಡೀ ಚರ್ಚು ಹೇಳಿತು. ಹುಟ್ಟಿದಾಗಿನಿಂದ ಹೇಳಿದ ಮಾತು. "ಪ್ರಾರ್ಥಿಸೋಣ" ಎಂದು ಕಿವಿಗೆ ಬಿದ್ದರೆ ಸಾಕು, ತಲೆಯ ಅಪ್ಪಣೆ ಕಾಯದೆ ಬಾಯಿ ಉತ್ತರ ಕೊಟ್ಟುಬಿಡುತ್ತದೆ. ಸಾಹುಕಾರನೂ ಕೊಟ್ಟ, ಎಲ್ಲರಿಗಿಂತ ಗಟ್ಟಿಯಾಗಿ. ಆಮೇಲೆ ತೆರೆದ ಬಾಯಿ ಹಾಗೇ ಉಳಿಯಿತು. ಹುಡುಗ ಫೋನನ್ನು ಮೆಲ್ಲಗೆ ಕೆಳಗಿಳಿಸಿದ. ಜನರಿಗೆ ತಾವು ಹೇಳಿದ್ದೇನೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

ಫಾದರ್ ನನ್ನನ್ನು ಸುಟ್ಟುಬಿಡುವಂತೆ ನೋಡಿ, ಉಳಿದ ಪ್ರಾರ್ಥನೆಯನ್ನು ಗಡಿಬಿಡಿಯಲ್ಲಿ ಮುಗಿಸಿದರು.

ಮುಂದಿನದು ಕಾಣಿಕೆ. ಬಾಗಿಲ ಬಳಿಯ ಮೇಜಿನಿಂದ, ಪ್ರಸಾದವಾಗಲಿರುವ ತೆಳು ರೊಟ್ಟಿಯ ತಟ್ಟೆಯನ್ನು ಒಬ್ಬರು ಬಲಿಪೀಠಕ್ಕೆ ತಂದೊಪ್ಪಿಸಬೇಕು. ಆ ದಿನ ಅದನ್ನು ಸಾಹುಕಾರನಿಗೆ ವಹಿಸಿದ್ದರು. ಪಾಪ, ಎದ್ದ. ಮುಂದಿನ ಬೆಂಚಿನಿಂದ ಕೊನೆಯವರೆಗೆ ಅಷ್ಟು ಕಣ್ಣುಗಳ ನಡುವೆ ನಡೆದು ಹೋಗಿ ನೋಡಿದರೆ, ತಟ್ಟೆ ಹಿಡಿದು ನನ್ನ ತಂಗಿ ನಿಂತಿದ್ದಾಳೆ.

"ಕೊಡಮ್ಮ ಇಲ್ಲಿ. ನಾನು ತಗೊಂಡು ಹೋಗ್ಬೇಕು" ಎಂದ, ಮೆಲ್ಲಗೆ.

ಅವಳು ಮೆಲ್ಲಗೆ ಮಾತಾಡಲಿಲ್ಲ. ನನ್ನ ತಂಗಿಯಲ್ಲವೇ. "ಕುಡಿದಿರ್ಲಿಲ್ಲ ಅಂತ ಹೇಳಿ. ಕೊಡ್ತೀನಿ."

"ಇದು ಅದಕ್ಕೆ ಜಾಗ ಅಲ್ಲಮ್ಮ."

"ನನ್ನ ಗಂಡನ ಪೂಜೆ ಇದು. ಇದಲ್ಲದೆ ಇನ್ಯಾವುದು ಜಾಗ?"

ಅವನು ತಟ್ಟೆಗೆ ಕೈ ಚಾಚಿದ. ಅವಳು ಅವನ ಪಕ್ಕದಿಂದ ಸರಿದು ಮುಂದೆ ನಡೆದಳು. ತಟ್ಟೆಯೊಳಗೆ ರೊಟ್ಟಿಗಳು ಸರಿದಾಡುತ್ತಿದ್ದವು. ಫಾದರ್ ಮೆಟ್ಟಿಲ ಮೇಲೆ ಕಲ್ಲಿನಂತೆ ನಿಂತಿದ್ದರು. ತೆಗೆದುಕೊಳ್ಳದಿದ್ದರೆ ನಾನೇ ಹೋಗಿ ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಕೊನೆಗೆ ಇಳಿದು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡರು. ತಿರುಗಿ ನೋಡಿದರೆ ಸಾಹುಕಾರ ಇರಲಿಲ್ಲ, ಬಾಗಿಲು ಮಾತ್ರ ತೆರೆದಿತ್ತು.

ಪೂಜೆ ಮುಗಿದ ಮೇಲೆ ಫಾದರ್ ನನ್ನನ್ನು ಕರೆಸಿದರು. ಪೂಜಾವಸ್ತ್ರ ಕಳಚುತ್ತಾ, "ಮುಂದಿನ ವಾರದಿಂದ ನೀನು ಓದೋದು ಬೇಡ" ಎಂದರು.

"ಆಯ್ತು ಫಾದರ್. ಆದ್ರೆ ನಾನು ಓದಿದ್ರಲ್ಲಿ ಯಾವ ಮಾತು ಸುಳ್ಳು, ಅದನ್ನ ಹೇಳಿ."

ಅವರು ವಸ್ತ್ರವನ್ನು ಮಡಿಸುತ್ತಲೇ ಇದ್ದರು. ನಾನು ಹೊರಗೆ ಬಂದೆ.

ಅಂಗಳದಲ್ಲಿ ತಂಗಿಯ ಎದುರು ಬಣ್ಣದ ಕಾರ್ಖಾನೆಯ ಹೆಂಗಸೊಬ್ಬಳು ನಿಂತಿದ್ದಳು. ಉಗುರಿನ ಬುಡದವರೆಗೂ ನೀಲಿ. ನಲ್ಲಿಯ ಹತ್ತಿರ ಕುಡುಕನ ಹೆಂಡತಿ ಎಂದು ಕರೆದವರಲ್ಲಿ ಇವಳೂ ಒಬ್ಬಳು.

"ಬೀಗದ ವಿಷಯ ಎಲ್ಲಿ ಹೇಳ್ಬೇಕು, ಹೇಳು. ಬರ್ತೀನಿ" ಎಂದಳು.

"ಕೆಲಸ ಹೋಗುತ್ತೆ ಕಣೇ ನಿಂದು" ಎಂದಳು ತಂಗಿ.

"ಆಲಿಸಿರಿ ಅಂತ ನಾನೂ ಕೂಗ್ದೆನಲ್ಲ. ಆ ದೇವ್ರು ಕೇಳಿಸ್ಕೊಂಡು, ಸರಿ, ನಿಂಗೇನು ಗೊತ್ತು ಹೇಳು ಅಂದ್ರೆ, ಏನಂತ ಹೇಳ್ಲಿ?"

ತಂಗಿ ಅವಳನ್ನು ತಬ್ಬಿಕೊಳ್ಳಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. "ನಾಳೆ ಬೆಳಿಗ್ಗೆ ಮನೆ ಹತ್ರ ಬಾ" ಎಂದಳಷ್ಟೇ.

ಸೋಮವಾರ ನಾನು ಗಿರಣಿ ತೆರೆಯಲಿಲ್ಲ. ಮೂವರೂ ಪೊಲೀಸ್ ಠಾಣೆಗೆ ಹೋದೆವು. ಬಾಗಿಲಲ್ಲಿದ್ದವನು, ಸಾಹೇಬರು ಬಿಡುವಾಗಿಲ್ಲ, ಇನ್ನೊಂದು ದಿನ ಬನ್ನಿ ಎಂದ. ತಂಗಿ ಅಲ್ಲಿದ್ದ ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ನಮಗೂ ಜಾಗ ಮಾಡಿಕೊಟ್ಟಳು.