ನೆಲ ಬಿಟ್ಟ ಕುರ್ಚಿಕಾಲು

ಕುರ್ಚಿಯ ಒಂದು ಕಾಲು ನೆಲಕ್ಕೆ ತಾಗಿಲ್ಲ, ಹಿಂದಿನ ಎಡಗಾಲು, ಬಿಡಿಸುವಾಗ ಬರ್ನಿಸ್‌ಳ ಕೈ ತಪ್ಪಿತೋ ಏನೋ, ಖಾಲಿ ಕುರ್ಚಿ, ಹಿಂದೆ ಹಿಮ ಮೆತ್ತಿದ ಕಿಟಕಿ, ಅಷ್ಟೇ ಚಿತ್ರ, ಅವಳ ಗಂಡ ಕ್ಯಾಸ್ ಕೂರುತ್ತಿದ್ದ ಕುರ್ಚಿ, ಪಾಪ ಹೋಗಿ ಎರಡು ಚಳಿಗಾಲ ಆಯಿತು — ಇವತ್ತು ಕೇಳಿಯೇ ಬಿಡಬೇಕು, ಶನಿವಾರದ ಪೋಲ್ಕಾ ಕುಣಿತಕ್ಕೆ ನನ್ನ ಜೊತೆ ಬರುತ್ತೀಯಾ ಅಂತ, ಅದಕ್ಕೇ ಅಂಗಿಗೆ ಇಸ್ತ್ರಿ, ಚರ್ಚಿನ ಮಹಡಿ ಹತ್ತುವಷ್ಟರಲ್ಲಿ ಬೆವರಿ ಅದೂ ಹೋಯಿತು, ಮೊದಲು ಸಂಗೀತ ಕೇಳಿ ಆಮೇಲೆ ಚಿತ್ರ ನೋಡಿ ಅಂತ, ಇವರಿಗೆಲ್ಲ ಚಿತ್ರ ಕಲಿಸುವ ಮೇವಿಸ್ ಪ್ರದರ್ಶನದ ಗೋಡೆಗೆ ಬರೆದು ಅಂಟಿಸಿದ್ದಾಳೆ, ಚೆಲ್ಲೋ ಅಂತೆ, ದುಃಖದ ವಾದ್ಯವಂತೆ, ಆದರೆ ಇದೇನಪ್ಪಾ ಊಂ-ಪಾ ಊಂ-ಪಾ, ನಮ್ಮ ಅಕಾರ್ಡಿಯನ್ನಿಗಿಂತ ಜೋರು, ನನ್ನ ಬೂಟು ತಾನಾಗಿ ತಾಳ ಹಾಕುತ್ತಿದೆ, ಕುರ್ಚಿಯೂ, ಹೌದು, ಆ ಕಾಲು ಎತ್ತಿಕೊಂಡು, ಈಗ ತಾನೇ ಯಾರೋ ಒದ್ದು ಎದ್ದು ಓಡಿದ ಹಾಗೆ, ನಗು ತಡೆಯಲಾಗುತ್ತಿಲ್ಲ — ಪಕ್ಕೆಗೆ ತಿವಿತ, ಬರ್ನಿಸ್‌ಳ ಗೆಳತಿ ಸ್ಟೆಲ್ಲಾ, ಕಣ್ಣು ಕೆಂಪು, ಬಾಯಿ ಅಲ್ಲಾಡುತ್ತಿದೆ, ಸದ್ದಿಲ್ಲ, ಅಯ್ಯೋ ದೇವರೇ, ಕಿವಿಯಂತ್ರದ ಗುಂಡಿ, ಬೆಳಿಗ್ಗೆ ಪೂಜೆಯಲ್ಲಿ ಪಾದ್ರಿಯ ಮೈಕಿಗೆ ಅಂತ ಒತ್ತಿದ್ದು ಹಾಗೇ ಇದೆ, ಮೈಕಿನದ್ದು ಬಿಟ್ಟು ಬೇರೇನೂ ಕೇಳಿಸದು, ಕೆಳಗೆ ಅದೇ ಮೈಕಿನಲ್ಲಿ ಪೋಲ್ಕಾದವರ ತಾಲೀಮು, ಗುಂಡಿ ಮತ್ತೆ ಒತ್ತಿದೆ — ನಾಚ್ಕೆ ಇಲ್ವೇನೋ ಚೆಸ್ಟರ್, ಸತ್ತೋನ ಕುರ್ಚಿ ಮುಂದೆ ಹಲ್ಲು ಕಿರೀತಾ ನಿಂತಿದೀಯ — ಈಗ ಚೆಲ್ಲೋ, ನಿಜವಾದದ್ದು, ಗೊಳೋ ಅನ್ನುತ್ತಿದೆ, ಕುರ್ಚಿಯೂ ಮಂಕಾಯಿತು, ಕಿಟಕಿಯ ಹಿಮ ಒಳಗೇ ಬಂತು, ಆ ಕಾಲು ಬರೀ ತಪ್ಪು, ಅಷ್ಟೇ.

ಬರ್ನಿಸ್ ಬಂದಳು, ಮುಗಿಯಿತು ನನ್ನ ಕಥೆ — ಯಾಕೋ ಚೆಸ್ಟರ್, ಯಾಕೆ ನಕ್ಕೆ, ನಿಜ ಹೇಳು, ಆ ಕಾಲು ವಕ್ರ ಇದೆ ಅಂತ ತಾನೇ, ನಂಗೂ ಗೊತ್ತು, ನಾಳೆ ತಿದ್ತೀನಿ — ಬೇಡ ಮಾರಾಯ್ತಿ, ತಿದ್ದಬೇಡ, ನೋಡು, ಕ್ಯಾಸ್ ಎದ್ದು ಹೋಗಿದಾನೆ, ಕುಣಿಯೋಕೆ, ಪ್ರತಿ ಸಲ ಮೊದಲ ಹಾಡಿಗೇ ಒದ್ದು ಏಳ್ತಿದ್ದನಲ್ಲ — ಈ ಗೋಳಲ್ಲಿ ನಿಂಗೆ ಅದು ಕಂಡಿತೇ, ಸುಳ್ಳ, ಅಂದಳು, ಹೇಗೆ ಹೇಳಲಿ, ಕಿವಿಯಂತ್ರ ತೆಗೆದು ಗುಂಡಿ ಒತ್ತಿ ಅವಳ ಅಂಗೈಗೆ ಇಟ್ಟೆ, ಮುಖ ಕಿವುಚಿದಳು, ನಿನ್ನ ಕಿವಿಯದ್ದೇ ಅನ್ನುವ ಹಾಗೆ, ತನ್ನ ಸ್ಕರ್ಟಿಗೆ ಚೆನ್ನಾಗಿ ಒರೆಸಿ ಕಿವಿಗೆ ಹಿಡಿದು ಚಿತ್ರದ ಕಡೆ ತಿರುಗಿದಳು, ತುಂಬ ಹೊತ್ತು, ಭುಜ ಅಲುಗಿತು, ಅಳುವೋ ನಗುವೋ, ಇದೇ ಸಮಯ, ಶನಿವಾರ ಬರ್ತೀಯಾ ನನ್ನ ಜೊತೆ, ಕೇಳಿಯೇ ಬಿಟ್ಟೆ, ಕೂಗಿದೆನೋ ಏನೋ, ಎಲ್ಲರೂ ತಿರುಗಿದರು, ಬರ್ನಿಸ್ ಏನೋ ಹೇಳುತ್ತಿದ್ದಾಳೆ, ಉದ್ದಕ್ಕೆ ಹೇಳುತ್ತಿದ್ದಾಳೆ, ನನ್ನ ಕಿವಿ ಅವಳ ಕೈಯಲ್ಲಿ, ಒಂದಕ್ಷರ ಕೇಳಿಸುತ್ತಿಲ್ಲ, ತುಟಿ ನೋಡಿದರೆ ಬೈಗುಳದ ಹಾಗೂ ಇದೆ, ತಲೆ ತಗ್ಗಿಸಿದೆ, ಕೆಳಗೆ ಅವಳ ಬೂಟು, ಎಡಗಡೆಯದು, ಹಿಮ್ಮಡಿ, ನೆಲಕ್ಕೆ ತಾಗಿಲ್ಲ —