ತನುಜಾಳ ಅಳತೆಕೋಲು

ಹುಬ್ಬಳ್ಳಿಯ ಡಾಕ್ಟರು ಹೇಳಿದ್ದು ಒಂದೇ ಮೊಳ. ಉಲ್ಲಾಸ ಅದನ್ನು ಒಂದು ಮೈಲಿ ಮಾಡಿಕೊಂಡು ಕೂತ.

ಎಡ ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಕೂರಿಸಿ ಮೂರು ತಿಂಗಳಾಗಿತ್ತು. ಅಯಸ್ಕಾಂತವಿರುವ ಸಾಮಾನುಗಳಿಂದ ಎದೆಯನ್ನು ಒಂದು ಮೊಳ ದೂರ ಇಟ್ಟುಕೊಂಡರೆ ಸಾಕು, ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಹೇಳಿಯೇ ಡಾಕ್ಟರು ಮನೆಗೆ ಕಳಿಸಿದ್ದರು. ಆದರೆ ಉಲ್ಲಾಸನ ಕಸುಬೇ ಅಯಸ್ಕಾಂತದ್ದು. ಸುಟ್ಟ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತುವುದರಲ್ಲಿ ಸಿದ್ದಾಪುರದ ಸುತ್ತ ಅವನಿಗೆ ಇಪ್ಪತ್ತಾರು ವರ್ಷದ ಹೆಸರಿತ್ತು. ಅಂಥವನು ಮನೆಗೆ ಅಂಟಿಕೊಂಡೇ ಇದ್ದ ತನ್ನ ಶೆಡ್ಡಿಗೆ ಕಾಲಿಡಲಿಲ್ಲ. ಫೆಬ್ರುವರಿ ಬಂತು, ವೋಲ್ಟೇಜ್ ಇಳಿದು ಮೋಟಾರು ಸುಡುವ ಕಾಲ. ಹೊತ್ತು ತಂದವರು ಬೀಗ ನೋಡಿ ಶಿರಸಿಯ ಬಸ್ಸು ಹತ್ತಿದರು.

ಅವನ ಹೆದರಿಕೆಗೆ ಕಾರಣವೂ ಇತ್ತೆನ್ನಿ. ದಿನಾ ಸಂಜೆ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ತೋರಿಸಿದರೆ ಯಂತ್ರ ಸರಿಯಾಗಿದೆ ಎಂದರು. ಹಾಗಾದರೆ ತಪ್ಪು ಮಿಕ್ಸಿಯದ್ದೇ ಎಂದು ಉಲ್ಲಾಸ ತೀರ್ಮಾನಿಸಿದ. ಮಿಕ್ಸಿ ಅಟ್ಟ ಸೇರಿತು, ಹೆಂಡತಿ ತನುಜಾ ಒರಳಿನ ಮುಂದೆ ಕೂತಳು. ಢವಢವ ನಿಲ್ಲಲಿಲ್ಲ. ಆಮೇಲೆ ಫ್ರಿಜ್ಜಿನ ಮೇಲೆ ಅನುಮಾನ, ಅದೂ ಸಾಲದೆಂದು ಪಕ್ಕದ ಮನೆಯ ಇನ್ವರ್ಟರಿನ ಮೇಲೆ.

ಒಂದು ಬೆಳಿಗ್ಗೆ ದೋಸೆಗೆ ರುಬ್ಬುತ್ತಿದ್ದವಳು ಕೈ ನೋವಿಗೆ ತಡೆಯಲಾರದೆ ಎದ್ದು ನಿಂತಳು.

"ಅಲ್ಲಾ ಮಾರಾಯ್ರೆ, ಕಣ್ಣಿಗೆ ಕಾಣದ್ದಕ್ಕೆಲ್ಲ ಹೆದರ್ತಾ ಕೂತ್ರೆ ಎಂತ ಆಗ್ತದೆ? ಅದನ್ನ ಅಳೆಯೂಕೆ ಬರೂದಿಲ್ವಾ?"

"ಬರ್ತದೆ," ಎಂದುಬಿಟ್ಟ ಉಲ್ಲಾಸ. ಮೂರು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಗಂಡಸಿನ ಮಾತು ಅದು.

ಎಲೆಕ್ಟ್ರಿಕ್ ಸ್ಕೂಟರಿನ ಎಕ್ಸಲರೇಟರ್ ಹಿಡಿಕೆಯೊಳಗೆ ಅಕ್ಕಿಕಾಳಿನಷ್ಟು ಸಣ್ಣ ಹಾಲ್ ಸೆನ್ಸರ್ ಇರುತ್ತದೆ. ಅಯಸ್ಕಾಂತ ಹತ್ತಿರ ಬಂದಂತೆ ಅದರಿಂದ ಹೊರಡುವ ವೋಲ್ಟೇಜ್ ಬದಲಾಗುತ್ತದೆ, ಮೀಟರಿಗೆ ಸಿಕ್ಕಿಸಿದರೆ ಓದಬಹುದು. ಅಂಥ ಎರಡು ಕೆಟ್ಟ ಹಿಡಿಕೆಗಳು ಶೆಡ್ಡಿನಲ್ಲೇ ಇದ್ದವು. ಆದರೆ ಒಳಗೆ ಹೋಗುವವರಾರು, ಬೆಸುಗೆ ಹಾಕುವವರಾರು? ಸಾಲ್ಡರಿಂಗ್ ಕಡ್ಡಿಯನ್ನೂ ಅವನು ಹೆದರುವ ಸಾಮಾನಿನ ಪಟ್ಟಿಗೆ ಸೇರಿಸಿಕೊಂಡಾಗಿತ್ತು.

"ನಾ ಹೋಗ್ತೆ. ನೀವು ಜಗಲಿಯಿಂದ ಹೇಳಿ," ಎಂದಳು ತನುಜಾ.

ಉಲ್ಲಾಸ ಜಗಲಿಯಿಂದ ಕೂಗತೊಡಗಿದ. "ಎಡಗಡೆ, ಮೂರನೇ ಹಲಗೆ..."

"ಗೊತ್ತು."

"ಕತ್ತರಿ ಇಕ್ಕಳ..."

"ಕೈಯಲ್ಲುಂಟು."

ಮದುವೆಯಾದ ಇಪ್ಪತ್ತೆರಡು ವರ್ಷದಿಂದ ಚಾ ತಂದುಕೊಡುತ್ತ, ಕಸ ಗುಡಿಸುತ್ತ, ಕೇಳಿದ್ದನ್ನು ಎತ್ತಿಕೊಡುತ್ತ ಅವಳು ಶೆಡ್ಡನ್ನು ಪೂರ್ತಿ ಕಲಿತುಬಿಟ್ಟಿದ್ದಳು. ಅದು ಗಂಡನಿಗೆ ಗೊತ್ತಾದದ್ದು ಅವತ್ತು. ಅವಳ ಮೊದಲ ಬೆಸುಗೆ ಸಂಡಿಗೆಯ ಹಾಗೆ ಉಬ್ಬಿತು, ಬೆರಳೂ ಸುಟ್ಟಿತು. ಗಾಬರಿಯಲ್ಲಿ ಉಲ್ಲಾಸ ಕೆಂಪು ತಂತಿಯ ಜಾಗಕ್ಕೆ ಕಪ್ಪು ಎಂದು ಕೂಗಿದ್ದರಿಂದ ಒಂದು ಸೆನ್ಸರ್ ಸುಟ್ಟೇ ಹೋಯಿತು. ತನುಜಾ ಎರಡನೇ ಹಿಡಿಕೆ ಬಿಚ್ಚಿದಳು.

ಮೂರನೇ ದಿನಕ್ಕೆ ಸಾಧನ ಸಿದ್ಧವಾಯಿತು. ಮರದ ಅಡಿಪಟ್ಟಿಯ ತುದಿಗೆ ಸೆನ್ಸರ್, ಅದಕ್ಕೆ ಮೊಬೈಲ್ ಚಾರ್ಜರಿನ ಕರೆಂಟು, ಇನ್ನೊಂದು ತುದಿಯಲ್ಲಿ ಮೀಟರು. ಅಯಸ್ಕಾಂತ ಇಲ್ಲದ ಕಡೆ 2.500 ತೋರಿಸುತ್ತಿತ್ತು. ಪೇಸ್‌ಮೇಕರಿನ ಜೊತೆ ಕೊಟ್ಟ ಪುಸ್ತಿಕೆಯಲ್ಲಿ ಎಷ್ಟು ಬಲದ ಅಯಸ್ಕಾಂತ ಅಪಾಯ ಎಂದು ಬರೆದಿತ್ತು. ಸೆನ್ಸರಿನ ವಿವರ ಫೋನಿನಲ್ಲಿ ಸಿಕ್ಕಿತು. ಎರಡನ್ನೂ ಹೊಂದಿಸಿ ನೋಡಿದರೆ, ಅಂಕಿ 2.515 ಮುಟ್ಟಿದರೆ ಗಡಿ ದಾಟಿದಂತೆ. ಇರಲಿ ಎಂದು ಉಲ್ಲಾಸ 2.505ಕ್ಕೇ ಗಡಿ ಹಾಕಿಕೊಂಡ.

ತನುಜಾ ಅಟ್ಟದಿಂದ ಮಿಕ್ಸಿ ಇಳಿಸಿ ತಿರುಗಿಸಿದಳು. ಮೀಟರಿನ ಗುಂಡಿಯನ್ನು ಏಸಿಗೂ ಡಿಸಿಗೂ ತಿರುಗಿಸಿ ನೋಡಿದರು. ಒಂದು ಮೊಳ ದೂರದಲ್ಲಿ ಏನೂ ಇಲ್ಲ. ಫ್ರಿಜ್ಜು ನಿರಪರಾಧಿ. ಶೆಡ್ಡಿನಲ್ಲಿ ಓಡುವ ಮೋಟಾರೂ ಮೊಳದಾಚೆ ತಣ್ಣಗಿತ್ತು. ಸುರುಳಿ ಪರೀಕ್ಷಿಸುವ ಗ್ರೌಲರ್ ಒಂದರ ಹತ್ತಿರ ಮಾತ್ರ ಅಂಕಿ ಕುಣಿಯಿತು.

"ಹಂಗಾದ್ರೆ ಸಂಜೆಯ ಢವಢವ ಎಂತದ್ರಿಂದ?" ಎಂದಳು.

ಅವತ್ತೂ ಸಂಜೆ ಅವನು ಎಂದಿನಂತೆ ಆರಾಮಕುರ್ಚಿಯಲ್ಲಿ ಒರಗಿ, ಅಂಗೈಯಗಲದ ಸ್ಪೀಕರನ್ನು ಎದೆಯ ಮೇಲಿಟ್ಟುಕೊಂಡು ತಾಳಮದ್ದಳೆ ಹಚ್ಚಿದ. ಮೋಟಾರಿನ ಗದ್ದಲದಲ್ಲಿ ಕಿವಿ ಮಂದವಾಗಿತ್ತು, ಅಷ್ಟು ಹತ್ತಿರ ಇಟ್ಟುಕೊಂಡರೇ ಅರ್ಥಧಾರಿಗಳ ಮಾತು ಕೇಳಿಸುವುದು. ತನುಜಾ ಪಟ್ಟಿ ಹಿಡಿದು ಹಾಗೇ ಹತ್ತಿರ ತಂದಳು. 2.530. ಇನ್ನೂ ಹತ್ತಿರ ತಂದಳು. 2.900.

ಸ್ಪೀಕರಿನೊಳಗೆ ಅಯಸ್ಕಾಂತ ಇರುತ್ತದೆಂದು ಉಲ್ಲಾಸನಿಗೆ ಗೊತ್ತಿರಲಿಲ್ಲವೇ? ಅವನೇ ಎಷ್ಟೋ ಬಿಚ್ಚಿ ಕೂರಿಸಿದ್ದ. ಆದರೆ ಹೆಂಡತಿ ಪ್ರೀತಿಯಿಂದ ತಂದುಕೊಟ್ಟಿದ್ದರ ಮೇಲೆ ಅನುಮಾನ ಬರುವುದು ಹೇಗೆ?

"ಬೇಜಾರು ಕಳೀಲಿ ಅಂತ ನಾನೇ ತಂದಿದ್ದಲ್ದಾ," ಎಂದ ತನುಜಾಳ ಮುಖ ಬಾಡಿತು. "ನಿಮ್ಮ ಎದೆ ಮೇಲೆ ನಾನೇ ಇಟ್ಟ ಹಾಂಗಾಯ್ತು."

"ಹುಚ್ಚಿ," ಎಂದು ಅವನು ಸ್ಪೀಕರನ್ನು ತೆಗೆದು ಕಿಟಕಿಯ ಮೇಲಿಟ್ಟ. ನಗಬೇಕೆಂದಿದ್ದ, ಕಣ್ಣಲ್ಲಿ ನೀರು ಬಂತು. ಮೂರು ತಿಂಗಳು ಇಡೀ ಮನೆಯನ್ನು ಹೆದರಿಸಿಕೊಂಡು ಕೂತವನು ತಾನು. ಬೈಯದೆ, ಹಂಗಿಸದೆ ಒರಳು ತಿರುಗಿಸಿದವಳು ಇವಳು. ಇಂಥ ಹೆಂಡತಿ ಸಿಕ್ಕಿದ್ದು ತನ್ನ ಪುಣ್ಯ ಎಂದು ಅವನಿಗೆ ಆ ಕ್ಷಣಕ್ಕೆ ಅನಿಸಿದಷ್ಟು ಎಂದೂ ಅನಿಸಿರಲಿಲ್ಲ. ಹೇಳಲು ಮಾತ್ರ ಬಾಯಿ ಬರಲಿಲ್ಲ.

ಡಾಕ್ಟರಿಗೆ ಫೋನು ಮಾಡಿ, ಮರುದಿನ ಹೋಗಿ ತೋರಿಸಿಕೊಂಡೂ ಬಂದರು. ಅಯಸ್ಕಾಂತ ತಾಗಿದಾಗ ಯಂತ್ರ ಬೇರೆ ಲಯಕ್ಕೆ ಹೋಗುತ್ತದೆ, ದೂರವಿಟ್ಟರೆ ಮೊದಲಿನಂತಾಗುತ್ತದೆ, ಧಕ್ಕೆಯೇನೂ ಆಗಿಲ್ಲ ಎಂದರು. ಆಮೇಲೆ ಸಂಜೆಗಳು ತಣ್ಣಗಾದವು.

ವಾರದೊಳಗೆ ನಿಲ್ಕುಂದದ ಕಮಲಾಕರ ಸುಟ್ಟ ಮೋಟಾರು ತಂದಿಳಿಸಿದ. ಉಲ್ಲಾಸ ಶೆಡ್ಡಿಗೆ ಹೋಗಿ ತಂತಿ ಸುತ್ತಿದ. ಗ್ರೌಲರಿನ ಕೆಲಸ ಬಂದಾಗ ಅವನು ಬಾಗಿಲಿಗೆ ಸರಿದು ನಿಂತ, ತನುಜಾ ಒಂದೊಂದೇ ಸುರುಳಿ ಪರೀಕ್ಷಿಸಿದಳು. ಸ್ವಿಚ್ಚು ಹಾಕಿದಾಗ ಮೋಟಾರು ಒಂದೇ ಸದ್ದಿನಲ್ಲಿ ಓಡಿತು.

"ನಿನ್ನ ಕೈಗುಣ ಹಂಗೇ ಉಂಟು ಮಾರಾಯ," ಎಂದ ಕಮಲಾಕರ.

"ಮೋಟಾರಿನ ಮಾತು ಬಿಡು ಕಮಲಾಕರಣ್ಣ," ಎಂದ ಉಲ್ಲಾಸ, ಒಳಗಿದ್ದವಳಿಗೂ ಕೇಳುವಷ್ಟು ಗಟ್ಟಿಯಾಗಿ. "ಮೂಲೆಗೆ ಬಿದ್ದವ ನಾನು. ಎಬ್ಬಿಸಿ ಕೂರ್ಸಿದ್ದು ಅವಳು."

ತನುಜಾ ಗ್ರೌಲರ್ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದಳು. ಇಪ್ಪತ್ತೆರಡು ವರ್ಷದಲ್ಲಿ ಅವನು ಅವಳನ್ನು ನಾಲ್ಕು ಜನ ಕೇಳುವಂತೆ ಹೊಗಳಿದ್ದು ಅದೇ ಮೊದಲು.