ಕೈಗೆ ಏರದ ಹಸಿರು ಬಳೆ

ಮಾಣಿಕಬಾಯಿಗೆ ಸೊಸೆಯ ಬಸುರಿಗಿಂತ ಸೊಸೆಯ ಬಾಯಿಯೇ ದೊಡ್ಡ ತಾಪತ್ರಯವಾಗಿತ್ತು. ತಾನೇನು ಹೆತ್ತಿಲ್ಲವೆ? ಮೂರು ಹೆತ್ತಿದ್ದಾಳೆ. ಹೆರುವ ಹಿಂದಿನ ದಿನದವರೆಗೂ ಕವಲಾಪುರದ ಹೊಲದಲ್ಲಿ ಗಜ್ಜರಿ ತೊಳೆದು ಚೀಲ ತುಂಬಿದ್ದಾಳೆ. ಎಲ್ಲಿ ನೋಯುತ್ತದೆ ಎಂದು ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಯಾರಿಗೂ ಹೇಳಲಿಲ್ಲ. ಈ ಪ್ರಾಜಕ್ತಾ ಮಾತ್ರ ಎರಡನೆಯ ತಿಂಗಳಿಂದ ದಿನಕ್ಕೊಂದು ಹೊಸ ನೋವು ಹಿಡಿದುಕೊಂಡೇ ಹಾಸಿಗೆಯಿಂದ ಏಳುತ್ತಿದ್ದಳು.

"ಆಯಿ, ಎದಿ ಉರೀತದ್ರಿ."

"ಕೂಸಿಗೆ ತಲಿಗೂದಲ ಬರಾಕತ್ತಾವ. ಉರಿಲಿ ಬಿಡು."

"ಆಯಿ, ರಾತ್ರಿ ಮೀನಖಂಡ ಹಿಡ್ಕೊಂಡು ಜೀವಾನs ಹೋದಂಗ ಆತು."

"ಕಾಲ ಚಾಚಿ ಹೆಬ್ಬಟ್ಟ ನಿನ್ನ ಕಡಿ ಎಳ್ಕೋ. ಬಿಡ್ತದ."

"ಮೂಗ ಕಟ್ಟೇದ. ಹಲ್ಲ ತಿಕ್ಕಿದ್ರ ರಕ್ತ ಬರ್ತದ. ಮೂರ ದಿನಾ ಆತು, ಹೊಟ್ಟಿ ಸಾಫ ಆಗಿಲ್ಲ."

"ಇಷ್ಟೆಲ್ಲಾ ಹೆಂಗ ನೆನಪ ಇಟ್ಕೋತೀಯವ್ವಾ ನೀ?"

ಪ್ರಾಜಕ್ತಾ ಸಾಂಗಲಿಯ ಹುಡುಗಿ. ತವರಿನಲ್ಲಿ ಮುದುಕರು ಕನ್ನಡ ಆಡುತ್ತಿದ್ದರು, ಇವಳು ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳಂತೆ. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಕಲಿತ ಕನ್ನಡದಲ್ಲಿ ಇವತ್ತಿಗೂ ಹುಂಚಿಹಣ್ಣು ಯಾವುದು ನಿಂಬಿಹಣ್ಣು ಯಾವುದು ಎಂದು ತಡವರಿಸುತ್ತಾಳೆ. ನೋವಿನ ಮಾತುಗಳು ಮಾತ್ರ ಒಂದೂ ತಪ್ಪುವುದಿಲ್ಲ. ಸಾಲದ್ದಕ್ಕೆ ಪ್ರತಿ ನೋವಿಗೂ ಫೋನಿನಲ್ಲಿ ಒಂದು ರೋಗ ಹುಡುಕಿ ತಂದು ಅತ್ತೆಯ ಮುಂದೆ ಹಿಡಿಯುವುದು ಬೇರೆ. ಸೊಂಟ ನೋವಿಗೆ ಮೂತ್ರಪಿಂಡ, ಕೆರೆತಕ್ಕೆ ಲಿವರು. ಮಗ ಸಂಮೇದನಿಗೆ ಹೇಳೋಣವೆಂದರೆ ಅವನು ಮಾಧವನಗರದ ತನ್ನ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಗೆ ಬೆಳಿಗ್ಗೆ ಎಂಟಕ್ಕೇ ಪರಾರಿ. ಗಂಡ ಭೂಪಾಲನಿಗೆ ಎಡಗಿವಿ ಕೇಳುವುದಿಲ್ಲ, ಸೊಸೆ ಬಂದರೆ ಆ ಕಿವಿಯನ್ನೇ ಮುಂದೆ ಮಾಡುತ್ತಾನೆ. ಉಳಿದವಳು ಮಾಣಿಕಬಾಯಿ ಒಬ್ಬಳೇ. ಸೂರ್ಯ ಮುಳುಗಿದ ಮೇಲೆ ಒಲೆ ಹೊತ್ತದ ಜೈನರ ಮನೆ ಅದು. ಅಂಥಾದ್ದರಲ್ಲಿ ಬಸುರಿಗೆ ಹಸಿವೆಂದು ತಾನೇ ಎದ್ದು ಹಾಲು ಕಾಯಿಸಿ ಕೊಟ್ಟರೆ, ಹಾಲು ಕುಡಿದ ಬಾಯಲ್ಲೇ "ಆಯಿ, ಹೊಟ್ಟಿ ಉಬ್ಬರಸೇದ" ಅನ್ನುತ್ತಾಳೆ. ಇಂಥವಳಿಗೆ ಏನು ಹೇಳಬೇಕು?

ಇದರ ನಡುವೆ ಡೋಹಾಳೆಯ ಊಟ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಉಡಿ ತುಂಬಿ, ಬಂಧುಬಳಗಕ್ಕೆ ಊಟ ಹಾಕುವ ಕಾರ್ಯ. ಏಳನೆಯ ತಿಂಗಳಲ್ಲಿ ಆಗಬೇಕಾಗಿತ್ತು. ಆಗ ಭೂಪಾಲನ ಕಾಕಾ ತೀರಿಕೊಂಡು ಸೂತಕ ಬಂದು ನಿಂತುಹೋಗಿತ್ತು. ಈಗ ಒಂಬತ್ತರಲ್ಲಿ, ಬುಧವಾರಕ್ಕೆ ಇಟ್ಟುಕೊಂಡಿದ್ದರು. ಇನ್ನೂರು ಜನ. ಇನ್ನು ಮುಂದೆ ಹಾಕಲು ತಿಂಗಳೇ ಉಳಿದಿಲ್ಲ.

ಸೋಮವಾರ ಪ್ರಾಜಕ್ತಾಳನ್ನು ಮಿರಜಿನ ದವಾಖಾನೆಗೆ ತಪಾಸಣೆಗೆ ಕರೆದುಕೊಂಡು ಹೋಗಬೇಕಿತ್ತು. ಮಂಟಪದವನು ಬರುವ ದಿನ ಅದು, ಅಡಿಗೆಯವನೂ ಅದೇ ದಿನ. ಮಾಣಿಕಬಾಯಿ ತಪಾಸಣೆಯನ್ನು ಗುರುವಾರಕ್ಕೆ ತಳ್ಳಿದಳು. ಮೂರು ದಿನಕ್ಕೆ ಕೂಸೇನು ಓಡಿಹೋಗುವುದಿಲ್ಲ. ಅದೇ ಸೋಮವಾರ ಸೊಸೆ ಹಣೆ ಒತ್ತಿಕೊಳ್ಳುತ್ತ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಆಯಿ, ತಲಿ ಭಾಳ ನೋಯ್ತದ್ರಿ. ನಿನ್ನಿಂದ ನಿಂತs ಇಲ್ಲ."

ಹೋಳಿಗೆಯ ಬೇಳೆ ಆರಿಸುತ್ತಿದ್ದ ಮಾಣಿಕಬಾಯಿ ಮೊರವನ್ನು ಕೆಳಗೆ ಕುಕ್ಕಿದಳು.

"ಸಾಕ ಮಾಡು. ನೀ ನೋವು ಹೇಳೂದು, ನಾ ಕೇಳೂದು, ಒಂಬತ್ತ ತಿಂಗಳಿಂದ ಇದs ಆತು. ಬುಧವಾರ ಜನಾ ಉಂಡು ಎದ್ದು ಹೋಗೂತನಕ ನಿನ್ನ ಬಾಯಿಂದ ನೋವು ಅನ್ನೂ ಮಾತು ಬರಬಾರದು. ಬಂದ್ರ ನನ್ನ ಆಣಿ ಅದ ನಿನಗ."

ಪ್ರಾಜಕ್ತಾ ಹಣೆಯ ಮೇಲಿನ ಕೈ ಇಳಿಸಿ ಒಳಗೆ ಹೋದಳು.

ಮಂಗಳವಾರ ಮನೆ ತಣ್ಣಗಿತ್ತು. ಸೊಸೆ ತನ್ನ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಮಲಗಿದ್ದಳು, ಕರೆದಾಗ ಬಂದಳು, ಬಡಿಸಿದ್ದರಲ್ಲಿ ಅರ್ಧ ಉಂಡಳು, ಒಂದು ದೂರಿಲ್ಲ. ಮಾಣಿಕಬಾಯಿಗೆ ಎಷ್ಟು ಹಾಯೆನಿಸಿತೆಂದರೆ, ಈ ಆಣೆಯನ್ನು ಎರಡನೆಯ ತಿಂಗಳಲ್ಲೇ ಹಾಕಬೇಕಿತ್ತು ಎಂದು ಗಂಡನ ಬಲಗಿವಿಗೆ ಹೇಳಿದಳು.

ಬುಧವಾರ ಹತ್ತು ಗಂಟೆಗೆಲ್ಲ ಅಂಗಳ ತುಂಬಿತು. ಸಾಂಗಲಿಯಿಂದ ಭೂಪಾಲನ ಅಕ್ಕ ತ್ರಿಶಲಾ ಆತ್ಯಾ ಬಂದು ಎಲ್ಲದರಲ್ಲೂ ಕೈಯಾಡಿಸತೊಡಗಿದಳು. ಬಾಳೆಕಂಬದ ಕೆಳಗೆ ಮಣೆ ಹಾಕಿ ಪ್ರಾಜಕ್ತಾಳನ್ನು ಕೂರಿಸಿದರು. ಹಸಿರು ಸೀರೆ, ಹೂವಿನ ದಂಡೆ. ಮುಖ ತುಂಬಿಕೊಂಡು ದುಂಡಗಾಗಿತ್ತು. "ಮಾರಿಗೆ ಎಷ್ಟ ಕಳಿ ಬಂದದ ನೋಡ್ರಿ" ಎಂದು ಹೆಂಗಸರು ಹೊಗಳಿದರು. ಅತ್ತೆ ಚೆನ್ನಾಗಿ ತಿನ್ನಿಸಿದ್ದಾಳೆ ಎಂದೂ ಒಬ್ಬಳು ಅಂದಳು. ಮಾಣಿಕಬಾಯಿ ಸೆರಗು ಸರಿಮಾಡಿಕೊಂಡಳು.

ಬಳೆ ಇಡಿಸಲು ಆರಗದಿಂದ ನಾಗವ್ವ ಬಂದಿದ್ದಳು. ಮೂವತ್ತು ವರ್ಷದಿಂದ ಈ ಮನೆಯ ಹೆಂಗಸರ ಕೈಗೆಲ್ಲ ಅವಳದೇ ಬಳೆ. ಹನ್ನೆರಡು ದಿನದ ಹಿಂದೆ ಬಂದು ಪ್ರಾಜಕ್ತಾಳ ಅಳತೆ ನೋಡಿ ಹೋಗಿದ್ದಳು. ಎರಡು ನಾಲ್ಕು, ಸಣ್ಣ ಕೈ. ಆ ಅಳತೆಯ ಬಳೆಯನ್ನೇ ಈಗ ಬೆರಳು ಕೂಡಿಸಿ ಏರಿಸಲು ಹೋದಳು. ಗೆಣ್ಣಿನ ಹತ್ತಿರವೇ ನಿಂತಿತು. ಎರಡು ಆರು ತೆಗೆದಳು, ಅದೂ ನಿಂತಿತು. ಎರಡು ಎಂಟೂ ಏರಲಿಲ್ಲ.

"ಸಾಬಾಣ ಹಚ್ಚು" ಎಂದಳು ತ್ರಿಶಲಾ ಆತ್ಯಾ.

ನಾಗವ್ವ ಸಾಬೂನು ಮುಟ್ಟಲಿಲ್ಲ. ಪ್ರಾಜಕ್ತಾಳ ಮುಂಗೈ ಮೇಲೆ ತನ್ನ ಹೆಬ್ಬೆರಳು ಊರಿ ತೆಗೆದಳು. ಒತ್ತಿದಲ್ಲಿ ಕುಳಿ ಬಿದ್ದು, ಹಾಗೆಯೇ ಉಳಿಯಿತು. ಅವಳು ಬಳೆಗಳನ್ನು ಒಂದೊಂದಾಗಿ ಮತ್ತೆ ದಾರಕ್ಕೆ ಪೋಣಿಸಿದಳು.

"ಬಸರಾಗ ಕಾಲ ಬಾಯ್ತಾವರಿ ಮಾಣಿಕಬಾಯಿ, ಅದನ್ನ ನಾನೂ ಬಲ್ಲೆ. ಹನ್ನೆರಡು ದಿನದಾಗ ಕೈ, ಮಾರಿ ಹಿಂಗ ಬಾಯೂದಿಲ್ಲ. ಹಿಂದಕ ಒಬ್ಬಾಕಿಗೆ ಇಂಥಾ ಕೈಗೇ ಸಾಬಾಣ ಹಚ್ಚಿ ಇಡಿಸೇನಿ. ಮರುದಿನಾ ಆಕಿಗೆ ಫಿಟ್ಸ್ ಬಂತು. ಈ ಕೈಗೆ ನಾ ಬಳಿ ಇಡಾಂಗಿಲ್ಲ."

ಆತ್ಯಾ ಸಿಡುಕಿದಳು. "ಮಣಿ ಮ್ಯಾಲ ಕುಂದರಿಸಿ ಖಾಲಿ ಕೈಲೆ ಎಬ್ಬಿಸ್ತಾರೇನು? ಎಂಥಾ ಅಪಶಕುನದ ಮಾತು. ಇನ್ನೂರ ಮಂದಿ ಕುಂತಾರ."

ಮಾಣಿಕಬಾಯಿಗೆ ಇಬ್ಬರ ಮೇಲೂ ಸಿಟ್ಟು ಬಂತು. ಬಳೆ ಇಡಿಸು ಅಂದರೆ ವೈದ್ಯ ಹೇಳುತ್ತಾಳಲ್ಲ ಈ ನಾಗವ್ವ. ಸೊಸೆಯ ಬಾಯಿಂದಲೇ ಒಂದು ಮಾತು ಹೇಳಿಸಿಬಿಡೋಣವೆಂದು ಬಗ್ಗಿ ಕೇಳಿದಳು.

"ಏನರ ಆಗಾಕತ್ತದೇನು ನಿನಗ?"

ಪ್ರಾಜಕ್ತಾ ಅತ್ತೆಯ ಕಡೆ ನೋಡಿದಳು. ಬಿಸಿಲು ಚುಚ್ಚಿದವರಂತೆ ಕಣ್ಣು ಕಿರಿದು ಮಾಡಿಕೊಂಡಿದ್ದಳು.

"ಏನಿಲ್ಲ ಆಯಿ."

ಸೊಳ್ಳೆ ಕಚ್ಚಿದರೆ ಮೂರು ಸಲ ಹೇಳುವ ಹುಡುಗಿ. ಒಂಬತ್ತು ತಿಂಗಳಲ್ಲಿ ಈ ಬಾಯಿಂದ "ಏನಿಲ್ಲ" ಎಂಬ ಮಾತು ಒಂದು ದಿನ ಬಂದಿರಲಿಲ್ಲ.

"ಸಂಮೇದಾ, ಗಾಡಿ ತಗಿ" ಎಂದಳು.

ಊಟದ ಮೇಲೆ ಹೋಗೋಣ, ಉಡಿಯಾದರೂ ತುಂಬಿ ಕಳಿಸೋಣ ಎಂದು ಆತ್ಯಾ ಬಾಗಿಲವರೆಗೂ ಬೆನ್ನು ಹತ್ತಿದಳು. "ಉಣಸೂದು ನೀವು ಉಣಸ್ರಿ ಆತ್ಯಾ. ಹೋಳಿಗಿ ಆಗ್ಯಾವ, ತುಪ್ಪ ಡಬರ್ಯಾಗ ಅದ" ಎಂದು ಮಾಣಿಕಬಾಯಿ ಸೊಸೆಯನ್ನು ತೋಳು ಹಿಡಿದು ಎಬ್ಬಿಸಿಕೊಂಡು ಹೊರಟೇಬಿಟ್ಟಳು. ಇನ್ನೂರು ಜನ ಬಾಯಿ ತೆರೆದುಕೊಂಡು ನೋಡಿದರು.

ಮಾಧವನಗರದ ಪೇಟೆಯಲ್ಲಿ ಶೇರ್ ಆಟೋದವರು ಎಂದಿನಂತೆ ನಡುರಸ್ತೆಯಲ್ಲೇ ನಿಲ್ಲಿಸಿಕೊಂಡು ಮಂದಿ ತುಂಬಿಕೊಳ್ಳುತ್ತಿದ್ದರು. ಮಾಣಿಕಬಾಯಿ ಕಿಟಕಿಯಿಂದ ತಲೆ ಹೊರಹಾಕಿ, ಕನ್ನಡ ಮರಾಠಿ ಎರಡರಲ್ಲೂ ಅವರ ಅಪ್ಪ ಅಜ್ಜಂದಿರನ್ನು ವಿಚಾರಿಸಿಕೊಂಡಳು. ಮಿರಜ ಮುಟ್ಟುವವರೆಗೂ ಪ್ರಾಜಕ್ತಾ ಕಣ್ಣು ತೆರೆಯಲಿಲ್ಲ. ಅವಳ ತಲೆ ಅತ್ತೆಯ ಭುಜದ ಮೇಲಿತ್ತು.

ದವಾಖಾನೆಯಲ್ಲಿ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ನೂರಾ ಎಪ್ಪತ್ತು, ನೂರಾ ಹತ್ತು. ಮೂತ್ರ ಪರೀಕ್ಷೆಗೆ ಕಳಿಸಿ, ಈವರೆಗೆ ಏನೇನು ತೊಂದರೆ ಇತ್ತು, ಯಾವಾಗಿನಿಂದ ಎಂದು ಕೇಳಿದರು. ಸಂಮೇದ ಏನೂ ತಿಳಿಯದೆ ಅವ್ವನ ಮುಖ ನೋಡಿದ. ಮಾಣಿಕಬಾಯಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಶುರು ಮಾಡಿದಳು. ಎದೆಯುರಿ ಐದನೆಯ ತಿಂಗಳಿಂದ, ಖಾರ ತಿಂದರೆ ಹೆಚ್ಚು. ಮೀನಖಂಡ ಹಿಡಿಯುವುದು ಆರರಿಂದ, ಬಲಗಾಲೇ ಹೆಚ್ಚು. ವಸಡಿನ ರಕ್ತ ಗಣಪತಿ ಹಬ್ಬದ ವಾರ, ಆಮೇಲೆ ನಿಂತಿತು. ಕಾಲಿನ ಬಾವು ತಿಂಗಳಿಂದ, ಮಲಗಿ ಎದ್ದರೆ ಇಳಿಯುತ್ತಿತ್ತು, ಹೋದ ಗುರುವಾರದಿಂದ ಇಳಿಯುತ್ತಿಲ್ಲ. ತಲೆನೋವು ಭಾನುವಾರ ಶುರುವಾಯಿತು, ಸೋಮವಾರವೂ ನಿಂತಿರಲಿಲ್ಲ. ಒಂದೂ ತಪ್ಪಿಲ್ಲದೆ ಹೇಳಿದಳು. ಇಷ್ಟೆಲ್ಲ ತನ್ನ ತಲೆಯಲ್ಲಿ ಯಾವಾಗ ಹೋಗಿ ಕೂತಿತೋ ಅವಳಿಗೇ ಗೊತ್ತಿರಲಿಲ್ಲ. ಡಾಕ್ಟರಮ್ಮ ಬೇಗ ಬೇಗ ಬರೆದುಕೊಂಡರು.

"ಸೋಮವಾರದ ನಂತರ?" ಎಂದು ಕೇಳಿದರು. "ಕಣ್ಣು ಮಂಜಾಗುವುದು, ಮಿಂಚಿದ ಹಾಗಾಗುವುದು, ಪಕ್ಕೆಯ ಕೆಳಗೆ ನೋವು? ಈ ಎರಡು ದಿನ ಏನಾಯಿತು ಅನ್ನುವುದು ಬಹಳ ಮುಖ್ಯ."

ಸೋಮವಾರದ ನಂತರದ್ದು ಮಾಣಿಕಬಾಯಿಯ ಹತ್ತಿರ ಏನೂ ಇರಲಿಲ್ಲ.

"ಅದು ನನಗ ಗೊತ್ತಿಲ್ರಿ" ಎಂದಳು. "ಹೇಳಬ್ಯಾಡ ಅಂತ ನಾನs ಆಣಿ ಹಾಕೇನಿ."

ಡಾಕ್ಟರಮ್ಮ ಪೆನ್ನು ಎತ್ತಿಹಿಡಿದು ಅವಳನ್ನು ನೋಡಿದರು. ಬೈದಿದ್ದರೆ ಮಾಣಿಕಬಾಯಿಗೆ ಎಷ್ಟೋ ಸಮಾಧಾನವಾಗುತ್ತಿತ್ತು, ಅವರು ಬೈಯಲಿಲ್ಲ. ಅವಳು ಮಂಚದ ಮೇಲೆ ಬಗ್ಗಿ ಸೊಸೆಯ ಬಾತ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಆಣಿ ಬಿಟ್ಟೇನಿ ನನ ಮಗಳ. ಹೇಳು. ಎಲ್ಲಾ ಹೇಳು."

ಪ್ರಾಜಕ್ತಾಳ ಕಣ್ಣಿಂದ ನೀರು ಕಿವಿಯ ಕಡೆ ಇಳಿಯಿತು. ಮಂಗಳವಾರ ಮುಂಜಾನೆಯಿಂದ ಕಣ್ಣ ಮುಂದೆ ಚಿಕ್ಕೆ ಚಿಕ್ಕೆ. ಬಲಪಕ್ಕೆಯ ಕೆಳಗೆ ಹಿಂಡಿದಂಥ ನೋವು, ಎದೆಯುರಿಯ ಹಾಗಲ್ಲ, ಬೇರೆ. ರಾತ್ರಿ ಎರಡು ಸಲ ವಾಂತಿ, ಯಾರಿಗೂ ಕೇಳಿಸದ ಹಾಗೆ ನಲ್ಲಿ ಬಿಟ್ಟುಕೊಂಡು. ಇವತ್ತು ಮಣೆಯ ಮೇಲೆ ಕೂತಾಗ ಆಯಿಯ ಮುಖ ಎರಡಾಗಿ ಕಾಣುತ್ತಿತ್ತು.

ಅಷ್ಟು ಸಾಕಾಯಿತು. ಫಿಟ್ಸ್ ಬರದಿರಲಿ ಎಂದು ಇಂಜೆಕ್ಷನ್ ಹಾಕಿದರು, ಬಿ.ಪಿ. ಇಳಿಸಿದರು, ಸಂಜೆಯೊಳಗೆ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು, ಎರಡು ಕಿಲೋಕ್ಕೆ ಸ್ವಲ್ಪ ಕಡಿಮೆ. ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ತಾಯಿಯ ಕೈಗೆ ಕೊಟ್ಟರು. ಇನ್ನಷ್ಟು ತಡವಾಗಿದ್ದರೆ ಇಬ್ಬರದೂ ಕಷ್ಟವಿತ್ತು ಎಂದು ಡಾಕ್ಟರಮ್ಮ ಸಂಮೇದನಿಗೆ ಹೇಳಿದ್ದು ಮಾಣಿಕಬಾಯಿಗೂ ಕೇಳಿಸಿತು. ಹೆರಿಗೆಯಾದ ಮೇಲೂ ಕೆಲವು ವಾರ ತಲೆನೋವು, ಕಣ್ಣು ಮಂಜು ಬಂದರೆ ಕೂಡಲೇ ತಿಳಿಸಬೇಕಂತೆ.

ಆರನೆಯ ದಿನ ನಾಗವ್ವ ಕೂಸನ್ನು ನೋಡಲು ದವಾಖಾನೆಗೇ ಬಂದಳು. ಮಾತಾಡುತ್ತಲೇ ಚೀಲದಿಂದ ಎರಡು ನಾಲ್ಕರ ಹಸಿರು ಬಳೆ ತೆಗೆದು ಪ್ರಾಜಕ್ತಾಳ ಕೈಗೆ ಏರಿಸಿದಳು. ಸಲೀಸಾಗಿ ಹೋಯಿತು.

ಅವಳು ಹೋದ ಮೇಲೆ ಮಾಣಿಕಬಾಯಿ ಸ್ಟೂಲು ಎಳೆದುಕೊಂಡು ಮಂಚದ ಹತ್ತಿರ ಕೂತಳು. ಮುಂಜಾನೆಯಿಂದ ಅದು ಐದನೆಯ ಸಲ.

"ತಲಿ ನೋಯ್ತದೇನು?"

"ಇಲ್ರಿ ಆಯಿ."

"ಕಣ್ಣ ಮುಂದ ಚಿಕ್ಕಿ?"

"ಇಲ್ಲ ಅಂದೆನಲ್ಲ. ಈಗರ ಕೇಳಿದ್ರಿ." ಪ್ರಾಜಕ್ತಾಳಿಗೆ ಸಾಕುಸಾಕಾಗಿತ್ತು. "ಏನಿಲ್ಲ."

ಮಾಣಿಕಬಾಯಿಯ ಮುಖ ಸಣ್ಣದಾಯಿತು. ಸೊಸೆಯ ಬಳೆಗಳನ್ನು ಸುಮ್ಮನೆ ಹಿಂದೆ ಮುಂದೆ ಸರಿಸಿದಳು.

"ಆ ಮಾತೊಂದ ಆಡಬ್ಯಾಡವ್ವಾ ನನ್ನ ಮುಂದ" ಎಂದಳು. "ಬ್ಯಾರೆ ಏನ ಬೇಕಾದ್ದು ಹೇಳು. ನಾ ಕುಂತೇನಿ."

ಪ್ರಾಜಕ್ತಾ ಕೂಸನ್ನು ಪಕ್ಕಕ್ಕೆ ಸರಿಸಿ, ಹೊಲಿಗೆ ಎಳೆಯುತ್ತದೆ, ಬೆನ್ನು ಹಿಡಿದಿದೆ, ಇಲ್ಲಿಯ ಉಪ್ಪಿಟ್ಟಿಗೆ ಉಪ್ಪೇ ಇಲ್ಲ ಎಂದು ಶುರು ಮಾಡಿದಳು.